ಚಳಿಯಲ್ಲಿ ಸೊಳ್ಳೆ ಹುಡುಕಿದವರು

ಅವರು ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ತಾಳವಾಡಿಯ ಬಸ್ ಸ್ಟ್ಯಾಂಡಿನಲ್ಲಿ. ಯಾವುದೋ ಮದುವೆಗೆಂದು ಹೋಗಿದ್ದೆ. ಹಳೆಯ ವಿದ್ಯಾರ್ಥಿಯೊಬ್ಬ ಗುರುತು ಹಿಡಿದು ಹತ್ತಿರ ಬಂದ. ಅವನಿಗೂ ತಲೆ ನರೆತಿತ್ತು. ಅದೂ ಇದೂ ಮಾತಾಡಿ, "ಸೊಳ್ಳೆ ಟೀಚ್ರು ಓಗ್ಬುಟ್ರಂತೆ ಸಾ" ಎಂದ. ಹೆಸರು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಆ ಬೆಟ್ಟದ ಸೀಮೆಯಲ್ಲಿ ಆ ಅಡ್ಡಹೆಸರು ಇದ್ದದ್ದು ಅವರೊಬ್ಬರಿಗೇ. ಎದುರಿಗೇ ಯಾರಾದರೂ ಹಾಗೆ ಕರೆದರೂ ಅವರು ಮುಖ ಸಿಂಡರಿಸಿದ್ದನ್ನು ನಾನು ಕಂಡವನಲ್ಲ. ನಾನೂ ಇಲ್ಲಿ ಅವರ ಹೆಸರು ಬರೆಯುವುದಿಲ್ಲ.

ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಕೊಳ್ಳೇಗಾಲದ ಕಡೆಯಿಂದ ತಾಳವಾಡಿಯ ಹೈಸ್ಕೂಲಿಗೆ ಕನ್ನಡ ಪಾಠ ಹೇಳಲು ಬಂದೆ. ಆಗ ಅದಿನ್ನೂ ತಮಿಳುನಾಡಿನ ಕೊಯಮತ್ತೂರು ಜಿಲ್ಲೆ. ಈರೋಡು ಬೇರೆಯಾದದ್ದು ಆಮೇಲೆ. ಶಾಲೆಯಲ್ಲಿ ಕನ್ನಡದ ತರಗತಿಗಳೂ ಇದ್ದವು, ತಮಿಳಿನವೂ ಇದ್ದವು. ಅವರು ಕನ್ನಡದ ಮಕ್ಕಳಿಗೆ ವಿಜ್ಞಾನ ಹೇಳುತ್ತಿದ್ದರು. ದೊಡ್ಡಗಾಜನೂರಿನ ಶಿವಭಕ್ತರ ಮನೆಯ ಹೆಣ್ಣುಮಗಳು. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದರು. ನೆಂಟರಿಷ್ಟರೆಲ್ಲ ಬೇಡವೆಂದರೂ ಅಣ್ಣ ಅವರನ್ನು ಮೈಸೂರಿಗೆ ಕಳಿಸಿ ಓದಿಸಿದರು. ಮುಂದೆ ಅದೇ ಅಣ್ಣನಿಗೆ ಎದುರಾಡಬೇಕಾಗಿ ಬಂದಾಗ ಅವರಿಗೆ ಎಷ್ಟು ಕಷ್ಟವಾಗಿದ್ದಿರಬೇಕು ಎಂಬುದು ಇದನ್ನು ತಿಳಿದವರಿಗೇ ಗೊತ್ತಾಗುವುದು.

ಕುಳ್ಳಗಿದ್ದರು. ಹಣೆಯ ಮೇಲೆ ವಿಭೂತಿ, ವಿಭೂತಿಯ ಮೇಲಕ್ಕೆ ಏರಿಸಿಟ್ಟ ಕನ್ನಡಕ. ಕೈಚೀಲದಲ್ಲಿ ಪುಸ್ತಕಗಳ ಜೊತೆಗೆ ಒಂದು ಬಿಳಿ ಪಿಂಗಾಣಿ ಬಟ್ಟಲು. ದಾರಿಯಲ್ಲಿ ಎಲ್ಲಿ ನೀರು ನಿಂತಿದ್ದರೂ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕುಕ್ಕರಗಾಲಲ್ಲಿ ಕೂರುವರು. ಬಟ್ಟಲಲ್ಲಿ ನೀರು ಮೊಗೆದು ಕನ್ನಡಕ ಇಳಿಸಿ ನೋಡುವರು. ಬಿಳಿ ತಳದ ಮೇಲೆ ಕೂದಲೆಳೆಯಂಥ ಮರಿಗಳು ಕಂಡರೆ, ಅವು ತಲೆಕೆಳಗಾಗಿ ತೂಗುತ್ತಿವೆಯೋ, ನೀರಿನ ಮೇಲ್ಮೈಗೆ ಅಂಟಿದಂತೆ ಅಡ್ಡ ಮಲಗಿವೆಯೋ ಎಂದು ಗುರುತಿಸುವರು. ಅಡ್ಡ ಮಲಗುವುದು ಮಲೇರಿಯಾ ಸೊಳ್ಳೆಯ ಮರಿ. ಹೊಲಕ್ಕೆ ಹೋಗುವ ಹೆಂಗಸರು ಮೊದಮೊದಲು ಇದು ಯಾವುದೋ ಹರಕೆ ಇರಬೇಕೆಂದುಕೊಂಡಿದ್ದರಂತೆ.

ಒಮ್ಮೆ ಹೆಡ್‌ಮಾಸ್ಟರು ಸ್ಟಾಫ್ ರೂಮಿನಲ್ಲಿ ನಿಂತು ಪರೀಕ್ಷೆಯ ವಿಷಯ ಮಾತಾಡುತ್ತಿದ್ದರು. ಇವರು ಎದ್ದು ಹೋಗಿ ಅವರ ಮೊಣಕೈಯ ಹತ್ತಿರ ಬಗ್ಗಿ ನಿಂತುಬಿಟ್ಟರು. "ಒಸಿ ಅಳ್ಳಾಡ್ಬೇಡಿ ಸಾ" ಎಂದರು. ಹೆಡ್‌ಮಾಸ್ಟರು ಮಾತು ನಿಲ್ಲಿಸಿ ಉಸಿರು ಬಿಗಿಹಿಡಿದರು. ಸೊಳ್ಳೆ ಹೇಗೆ ಕೂತಿದೆ ಎಂದು ಸಾವಕಾಶವಾಗಿ ನೋಡಿದ ಮೇಲೆ ಪಟ್ಟನೆ ಹೊಡೆದು, "ಇದು ಅದಲ್ಲ, ಬೇರೆ ಜಾತಿ, ನೀವು ಮಾತಾಡಿ" ಎಂದು ಬಂದು ಕೂತರು. ಆ ದಿನ ಪರೀಕ್ಷೆಯ ಬಗ್ಗೆ ಹೆಡ್‌ಮಾಸ್ಟರು ಇನ್ನೇನು ಹೇಳಿದರೋ ನಮಗೆ ಯಾರಿಗೂ ನೆನಪಿಲ್ಲ.

ಈ ಹುಚ್ಚು ಹತ್ತಿದ್ದು ನಾನು ಬಂದ ವರ್ಷದ ಚಳಿಗಾಲದಲ್ಲಿ. ಅವರ ತಂಗಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮಾರ್ಗಶಿರದ ಚಳಿ. ಬೆಳಗ್ಗೆ ಹೊಲದ ಮೇಲೆ ಮಂಜು ಕೂತರೆ ಬಿಸಿಲೇರುವ ತನಕ ಏಳುತ್ತಿರಲಿಲ್ಲ. ಹುಡುಗಿಗೆ ನಡುಕ ಬಂದು ಜ್ವರ ಏರಿತು. ಚಳಿ ತಾಗಿದೆ ಎಂದು ಕಷಾಯ ಕೊಟ್ಟರು, ಕಂಬಳಿ ಹೊದಿಸಿದರು. ಜ್ವರ ಇಳಿದು ಒಂದು ದಿನ ಬಿಟ್ಟು ಮತ್ತೆ ಏರಿತು. ಊರಿಗೆ ಬಂದ ಒಬ್ಬ ಡಾಕ್ಟರೂ ಇದು ಶೀತಜ್ವರವೆಂದೇ ಮಾತ್ರೆ ಕೊಟ್ಟು ಹೋದರು. ಕೊನೆಗೆ ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ ಮಲೇರಿಯಾ ಎಂದು ತಿಳಿಯಿತು. ಆ ಹೊತ್ತಿಗೆ ಅದು ತಲೆಗೇರಿತ್ತು. ತಾಯಿ ಹೋದಳು, ಮಗುವೂ ಉಳಿಯಲಿಲ್ಲ.

ಕರ್ಮಾಂತರ ಮುಗಿಸಿ ಶಾಲೆಗೆ ಬಂದ ದಿನ ಅವರು ಸ್ಟಾಫ್ ರೂಮಿನಲ್ಲಿ ಕೂತಿದ್ದರು. ನಾವೆಲ್ಲ ಏನೇನೋ ಸಮಾಧಾನ ಹೇಳಿದೆವು. ಅವರು, "ಈ ಚಳೀಲಿ ಸೊಳ್ಳೆ ಎಲ್ಲಿಂದ ಬಂತು?" ಎಂದರು. ಅದು ಸಂಕಟದ ಮಾತೆಂದು ತಿಳಿದು ನಾವು ತಲೆ ಆಡಿಸಿದೆವು. ಅವರು ಮತ್ತೆ ಅದನ್ನೇ ಕೇಳಿದಾಗ ನನಗೆ ಅರ್ಥವಾಯಿತು, ಅವರಿಗೆ ನಿಜಕ್ಕೂ ಉತ್ತರ ಬೇಕಾಗಿತ್ತು.

ಅದೇ ವಾರ ಮನೆಯ ಹಿಂದೆ ದನಕ್ಕೆ ನೀರು ಹುಯ್ಯುವ ಕಲ್ಲುಬಾನಿಯಿಂದ ಆಗತಾನೇ ಮೊಟ್ಟೆಯೊಡೆದ ಮರಿಗಳನ್ನು ಮೊಗೆದುಕೊಂಡರು. ಮೂರು ಗಾಜಿನ ಬಾಟಲಿಗಳಿಗೆ ಹಂಚಿ, ತಿನ್ನಲು ಚಿಟಿಕೆ ತೌಡು ಉದುರಿಸಿ, ಬಾಯಿಗೆ ತೆಳುಬಟ್ಟೆ ಕಟ್ಟಿದರು. ಒಂದನ್ನು ಶಾಲೆಯ ಕಾಂಪೌಂಡ್ ಗೋಡೆಯ ಮೇಲೆ ಬಯಲಿನಲ್ಲಿ ಇಟ್ಟರು. ಒಂದನ್ನು ವಿಜ್ಞಾನದ ಕೋಣೆಯ ಕಪಾಟಿನಲ್ಲಿ. ಇನ್ನೊಂದನ್ನು ತಮ್ಮ ಮನೆಯ ದನದ ಕೊಟ್ಟಿಗೆಯ ಗೋಡೆಗೂಡಿನಲ್ಲಿ. ಆ ಕಡೆಯ ಹಳೆಯ ಮನೆಗಳಲ್ಲಿ ಕೊಟ್ಟಿಗೆ ಬೇರೆ ಇರುವುದಿಲ್ಲ. ಹೆಬ್ಬಾಗಿಲು ದಾಟಿದರೆ ಒಂದು ಪಕ್ಕಕ್ಕೆ ದನ, ಇನ್ನೊಂದು ಪಕ್ಕಕ್ಕೆ ಜನ. ನಡುವೆ ಮೊಣಕಾಲೆತ್ತರದ ಒಂದು ಕಟ್ಟೆ.

ಬಿಸಿಲು ಬೀಳುವ ಗೋಡೆಯ ಮೇಲಿನ ಬಾಟಲಿಯಲ್ಲೇ ಮೊದಲು ಸೊಳ್ಳೆ ಏಳುವುದೆಂದು ನಾವು ಅಂದುಕೊಂಡಿದ್ದೆವು. ನಿಜ ಹೇಳಬೇಕೆಂದರೆ ಅವರೂ ಹಾಗೆಯೇ ಅಂದುಕೊಂಡಿದ್ದರು. ಆದರೆ ಹಗಲಿನ ಬಿಸಿಲು ಕೊಟ್ಟದ್ದನ್ನು ರಾತ್ರಿಯ ಚಳಿ ಕಿತ್ತುಕೊಳ್ಳುತ್ತಿತ್ತು. ಗೋಡೆಯ ಮೇಲಿನ ಮರಿಗಳು ಬೆಳೆಯಲೇ ಇಲ್ಲ. ಬಾಟಲಿ ತಟ್ಟಿದರೂ ಮಿಸುಕುವುದು ಕಷ್ಟ. ಒಂದೊಂದಾಗಿ ಸತ್ತವು. ಕಪಾಟಿನವು ಹೇಗೋ ತೆವಳುತ್ತ ಬೆಳೆದವು. ಕೊಟ್ಟಿಗೆಯ ಬಾಟಲಿಯಲ್ಲಿ ಮಾತ್ರ ಎಲ್ಲಕ್ಕಿಂತ ಬಹಳ ಮುಂಚೆಯೇ ಬಟ್ಟೆಯ ಒಳಮೈಗೆ ಸೊಳ್ಳೆಗಳು ಅಂಟಿಕೊಂಡು ಕೂತಿದ್ದವು, ಓರೆಯಾಗಿ ಹೊಡೆದ ಮೊಳೆಗಳ ಹಾಗೆ. ದನಗಳ ಮೈಕಾವು, ಸಗಣಿಯ ಬಿಸಿ, ಮುಚ್ಚಿದ ಬಾಗಿಲು. ಹೊರಗೆ ಮಾರ್ಗಶಿರವಾದರೂ ಆ ಗೋಡೆಯೊಳಗೆ ಚೈತ್ರವೇ ನಡೆಯುತ್ತಿತ್ತು.

ಬೇಸಗೆಯಲ್ಲಿ ಮತ್ತೊಮ್ಮೆ ಬಾಟಲಿ ಇಟ್ಟರು. ಆಗ ಕಪಾಟಿನ ಮರಿಗಳು ವಾರ ಕಳೆಯುತ್ತಲೇ ಸೊಳ್ಳೆಯಾದವು. ಗೋಡೆಯ ಮೇಲಿನವು ಸುಡುಬಿಸಿಲಿಗೆ ಬೆಂದು ಹೋದವು. "ಚಳಿಯೂ ಆಗದಿಲ್ಲ, ಉರಿಯೂ ಆಗದಿಲ್ಲ. ನಮ್ಮಂಗೇ ಅವುಕ್ಕೂ ಅದ್ವಾಗಿ ಬೆಚ್ಚಗಿರ್ಬೇಕು" ಎಂದರು. ಸುಕಾದಾರ ನಿಲಯಂ ಎಂದು ಎಲ್ಲರೂ ತಮಿಳಿನಲ್ಲೇ ಕರೆಯುತ್ತಿದ್ದ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರು ತಮ್ಮ ಪುಸ್ತಕ ಕೊಟ್ಟು ಅವರಿಗೆ ಇನ್ನೊಂದು ಸಂಗತಿ ತಿಳಿಸಿದರು. ಜ್ವರದ ರೋಗಾಣು ಸೊಳ್ಳೆಯ ಹೊಟ್ಟೆಯೊಳಗೆ ಮಾಗಬೇಕಾದರೂ ಬೆಚ್ಚಗಿರಬೇಕು. ಬಯಲಿನ ಚಳಿಯಲ್ಲಿ ಅದು ಮಾಗುವ ಮೊದಲೇ ಸೊಳ್ಳೆ ಸಾಯುತ್ತದೆ. ಕೊಟ್ಟಿಗೆಯಲ್ಲಿ ಹಾಗಲ್ಲ, ಅಲ್ಲಿ ಸೊಳ್ಳೆಗೆ ಕಾವೂ ಉಂಟು, ರಕ್ತವೂ ಉಂಟು, ಆಯುಸ್ಸೂ ಉಂಟು. ಪಕ್ಕದಲ್ಲೇ ಕಟ್ಟೆಯಾಚೆ ಬಸುರಿ ಹೆಂಗಸು ಮಲಗಿರುತ್ತಾಳೆ.

ಮರುವರ್ಷ ಅಣ್ಣನ ಸೊಸೆ ಬಸುರಿಯಾದಳು. ದಿನ ತುಂಬುವುದು ಸರಿಯಾಗಿ ಪುಷ್ಯ ಮಾಘದ ಹೊತ್ತಿಗೆ. ಹುಡುಗಿಗೆ ತಾಯಿ ಇಲ್ಲದ್ದರಿಂದ ಹೆರಿಗೆ ಇಲ್ಲಿಯೇ ಎಂದಾಗಿತ್ತು. ಒಂದು ಭಾನುವಾರ ಅವರು ನನ್ನನ್ನು ಊಟಕ್ಕೆ ಕರೆದರು. ಊಟವಾದ ಮೇಲೆ ಜಗುಲಿಯಲ್ಲಿ ಅಣ್ಣನಿಗೆ ಎಲೆಅಡಿಕೆ ತಟ್ಟೆ ಇಟ್ಟು, ದನಗಳನ್ನು ಮನೆಯಿಂದ ಹೊರಗೆ ಕಟ್ಟಬೇಕು ಎಂದು ನೇರವಾಗಿ ಹೇಳಿದರು.

ಅಣ್ಣ ದೊಡ್ಡ ಮನುಷ್ಯರು, ಊರಿನಲ್ಲಿ ಮಾತಿಗೆ ಬೆಲೆಯಿದ್ದವರು. ಕೋಪ ಮಾಡಿಕೊಳ್ಳಲಿಲ್ಲ. "ದನ ಒಳಗ್ ಕಟ್ಟದು ನಮ್ಮಪ್ಪ ತಾತನ ಕಾಲದಿಂದ ನಡ್ಕಂಡ್ ಬಂದುದ್ದು ಕಣವ್ವ. ಅವಾಗೆಲ್ಲ ಈ ಮನೇಲಿ ಎಣ್ಮಕ್ಕಳು ಎರ್ನಿಲ್ವ?" ಎಂದರು.

"ಎತ್ರು ಕಣಣ್ಣ. ಎಷ್ಟ್ ಜನ ಸತ್ರು ಅಂತ ಯಾರೂ ನೆಪ್ಪಲ್ಲಿ ಮಡಗ್ನಿಲ್ಲ."

ಅಣ್ಣ ಅಡಿಕೆ ಕತ್ತರಿಸತೊಡಗಿದರು. "ಬಸವಣ್ಣನ ಆಚ್ಗೆ ಕಟ್ಟು ಅಂತೀಯ. ಚಿರ್ತೆ ಬಂದು ಕರಾ ಒತ್ಕಂಡೋದ್ರೆ ಯಾರು ಕಾಯರು?"

"ನಾನೇ ಅಲ್ಲಿ ಮನಿಕತೀನಿ."

ಅಣ್ಣ ನನ್ನ ಕಡೆಗೆ ತಿರುಗಿ, ಮೇಷ್ಟ್ರೇ ನೀವಾದರೂ ಬುದ್ಧಿ ಹೇಳಿ ಎಂದರು. ನಾನು ಬಾಟಲಿಗಳಲ್ಲಿ ಕಣ್ಣಾರೆ ಕಂಡದ್ದನ್ನು ಹೇಳಿದೆ. ಅವರು ಬೇಡವೆನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ಎದ್ದು ಹೊಲದ ಕಡೆಗೆ ಹೋದರು.

ಬೇಡವೆನ್ನದಿದ್ದುದೇ ತಂಗಿಗೆ ಸಾಕಾಯಿತು. ಹಿತ್ತಲಿನ ತುದಿಯಲ್ಲಿ, ಹುಲ್ಲಿನ ಮೆದೆಯ ಆಚೆ, ಇಬ್ಬರು ಆಳುಗಳನ್ನು ಕರೆಸಿ ಕಲ್ಲುಕಂಬ ನೆಡಿಸಿದರು. ಭಾನುವಾರಗಳಲ್ಲಿ ತಾವೇ ಸೊಂಟಕ್ಕೆ ಸೆರಗು ಕಟ್ಟಿ ಮಣ್ಣು ಮೆಟ್ಟಿದರು, ಹುಲ್ಲು ಹೊದಿಸಲು ಕೈ ಕೊಟ್ಟರು. ಸುತ್ತಲೂ ಜಾಲಿಮುಳ್ಳಿನ ಬೇಲಿ. ಅಣ್ಣ ಅಡ್ಡಿಯೂ ಮಾಡಲಿಲ್ಲ, ಒಂದು ಕಲ್ಲನ್ನೂ ಎತ್ತಿಕೊಡಲಿಲ್ಲ. ಕಾರ್ತಿಕ ಮುಗಿಯುವ ಹೊತ್ತಿಗೆ ದನಗಳು ಹೊಸ ಕೊಟ್ಟಿಗೆಗೆ ಹೋದವು. ಅವುಗಳ ಹಿಂದೆ ಟೀಚರ ಮಂಚವೂ ಹೋಯಿತು. ಒಳಗಿನ ಹಳೆಯ ಕೊಟ್ಟಿಗೆಯನ್ನು ಗುಡಿಸಿ, ಗೋಡೆಗೂಡುಗಳಿಗೆ ಬೇವಿನ ಹೊಗೆ ಹಾಕಿ, ಕಿಟಕಿಗಳನ್ನು ತೆರೆದಿಟ್ಟರು. ಶನಿವಾರ ಶನಿವಾರ ಕಲ್ಲುಬಾನಿಯನ್ನು ಬರಿದು ಮಾಡಿ ತೆಂಗಿನ ನಾರಿನಲ್ಲಿ ತಿಕ್ಕಿದರು. ಸೊಳ್ಳೆಪರದೆ ತರಲೆಂದು ಚಾಮರಾಜನಗರಕ್ಕೆ ಹೋದಾಗ ಅಂಗಡಿಯಲ್ಲಿ ಉಳಿದಿದ್ದುದು ಒಂದೇ. ಅದನ್ನು ಬಸುರಿಯ ಮಂಚಕ್ಕೆ ಕಟ್ಟಿದರು.

ಶಾಲೆಗೆ ಬರುವಾಗ ಅವರ ಸೀರೆಯಲ್ಲಿ ಹುಲ್ಲಿನ ಎಸಳು ಸಿಕ್ಕಿಕೊಂಡಿರುತ್ತಿತ್ತು. ಊರಿನಲ್ಲಿ ಜನ ಆಡಿಕೊಂಡರು. ಓದಿದ ಹೆಂಗಸು ದನದ ಜೊತೆ ಮಲಗುತ್ತಾಳೆ, ಅಣ್ಣನ ಮರ್ಯಾದೆ ಕಳೆದಳು ಎಂದರು. ಅದನ್ನು ಅವರಿಗೆ ಹೇಳುವವರೂ ಇದ್ದರು. ಕೇಳಿಸಿಕೊಂಡು, "ನಿಮ್ಮನೇಲಿ ಈ ಚಳೀಲಿ ಯಾರ್ಗಾರ ಜ್ವರ ಬಂದಿತ್ತಾ?" ಎಂದು ತಿರುಗಿ ಕೇಳುತ್ತಿದ್ದರು. ಬಂದಿರುತ್ತಿತ್ತು. ಅಲ್ಲಿಗೆ ಮಾತು ನಿಲ್ಲುತ್ತಿತ್ತು.

ಒಂದು ಬೆಳಗ್ಗೆ ಅವರು ತಡವಾಗಿ ಬಂದರು. ಕೈತುಂಬ ಮುಳ್ಳು ಗೀರಿದ ಗಾಯ. ಚಿರತೆ ಬೇಲಿ ಹಾರಿ ಕರುವೊಂದನ್ನು ಹೊತ್ತುಕೊಂಡು ಹೋಗಿತ್ತು. ಇವರು ಕೂಗುತ್ತ ಬೇಲಿಯ ತನಕ ಓಡಿದ್ದರು. ಮನೆಯಲ್ಲಿ ಹೆಂಗಸರೆಲ್ಲ ಅತ್ತರಂತೆ. ಅಣ್ಣ ಕರುವಿನ ಹಗ್ಗ ಬಿಚ್ಚಿ ತಂದು ಗೂಟಕ್ಕೆ ನೇತುಹಾಕಿ ಒಳಗೆ ಹೋದರಂತೆ. ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು ಎಂದರು. ಇನ್ನು ಸಾಕು, ದನಗಳನ್ನು ಒಳಗೆ ಕಟ್ಟಿಬಿಡಿ ಎಂದು ನಾನೇ ಹೇಳಿದೆ.

"ಕರ ಓದುದ್ದು ನನ್ ತಪ್ಪೇ ಸಾ. ಬೇಲಿ ಗಿಡ್ಡಾಗಿತ್ತು. ಅದ್ಕೆ ಅಂತ ದನವ ಒಳಕ್ ತಂದ್ರೆ ಇನ್ನೊಂದ್ ತಪ್ಪಾಯ್ತದ."

ಸಂಜೆ ಹೋಗಿ ಬೇಲಿಯನ್ನು ಆಳೆತ್ತರಕ್ಕೆ ಏರಿಸಿದರು. ಅಂದೂ ಅಲ್ಲಿಯೇ ಮಲಗಿದರು.

ಆಮೇಲೆ ಕೆಲವು ವಾರಕ್ಕೆ, ತರಗತಿಯಲ್ಲಿ ಪಾಠ ಮಾಡುತ್ತಿದ್ದಂತೆಯೇ ಅವರಿಗೆ ನಡುಕ ಹತ್ತಿತು. ಕೈಯಲ್ಲಿದ್ದ ಸೀಮೆಸುಣ್ಣ ಕರಿಹಲಗೆಯ ಮೇಲೆ ಟಕಟಕ ಬಡಿಯುತ್ತಿತ್ತು. ಏನೆಂದು ಅವರಿಗೆ ಆಗಲೇ ಗೊತ್ತಾಗಿತ್ತು. ದನಗಳ ಹಿಂದೆ ಸೊಳ್ಳೆಗಳೂ ಹೊರಟುಹೋಗಿದ್ದವು. ಅಲ್ಲಿ ಪರದೆಯಿಲ್ಲದೆ ಮಲಗಿದ್ದವರು ಇವರು. ನಾನೇ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಬೆರಳು ಚುಚ್ಚಿ ರಕ್ತ ನೋಡಿ ಕಹಿ ಮಾತ್ರೆ ಕೊಟ್ಟರು. ಅಲ್ಲಿಂದ ಅವರನ್ನು ಮನೆಗೆ ಮುಟ್ಟಿಸಿದಾಗ ಹೆಬ್ಬಾಗಿಲು ದಾಟಲು ಒಪ್ಪದೆ ನೇರ ಹಿತ್ತಲಿಗೆ ನಡೆದು ತಮ್ಮ ಮಂಚದ ಮೇಲೆ ಬಿದ್ದುಕೊಂಡರು.

ಸುದ್ದಿ ತಿಳಿದು ಅಣ್ಣ ಹೊಲದಿಂದ ಬಂದರು. ಕೊಟ್ಟಿಗೆಯ ಬಾಗಿಲಲ್ಲಿ ನಿಂತು ತಂಗಿಯನ್ನು ನೋಡಿದರು. ಮೈಮೇಲಿನ ಕಂಬಳಿಯೂ ನಡುಗುತ್ತಿತ್ತು. ಇನ್ನೊಬ್ಬ ತಂಗಿ ಹೀಗೆಯೇ ನಡುಗುತ್ತ ಮಲಗಿದ್ದನ್ನು ಕಂಡ ಮನುಷ್ಯ ಅವರು.

"ಎದ್ದು ಒಳಕ್ ನಡಿ" ಎಂದರು.

"ದನವ ಒಳಕ್ ತರ್ಬ್ಯಾಡ ಅಣ್ಣ."

"ದನ ಇಲ್ಲೇ ಇರ್ತವೆ. ನಾನ್ ಮನಿಕತೀನಿ ಇಲ್ಲಿ."

ಆದರೂ ಅವರು ಏಳಲಿಲ್ಲ. "ನನ್ ಮೈಲಿ ಈಗ ಜ್ವರ ಅದ. ನನ್ನ ಕಚ್ಚಿದ್ ಸೊಳ್ಳೆ ಓಗಿ ಆ ಬಸ್ರಿ ಎಣ್ಣ ಕಚ್ಚುದ್ರೆ ನಾವು ಪಟ್ಟಿದ್ದೆಲ್ಲ ನೀರ್ಪಾಲು. ನಂಗೂ ಒಂದು ಪರದೆ ಬೇಕು. ಪರ್ದೆ ಬರಗಂಟ ನಾನು ಒಳಕ್ ಬರಕಿಲ್ಲ."

ಅಣ್ಣ ಹೆಗಲ ಮೇಲಿನ ಟವೆಲ್ಲು ಕೊಡವಿಕೊಂಡು ನಡೆದು ಹೋದರು. ಸಿಟ್ಟಾದರೆಂದೇ ನಾನು ತಿಳಿದೆ. ಆದರೆ ಅವರು ಹೋಗಿ ನಿಂತದ್ದು ಚಾಮರಾಜನಗರದ ಬಸ್ಸಿಗೆ. ಅಲ್ಲಿ ಸಿಗಲಿಲ್ಲವೆಂದು ಅಲ್ಲಿಂದ ಮೈಸೂರಿಗೆ ಹೋಗಿ, ಮರುದಿನ ಕಂಕುಳಲ್ಲಿ ಎರಡು ಸೊಳ್ಳೆಪರದೆ ಹಿಡಿದುಕೊಂಡು ಬಂದರು. ಒಂದು ತಂಗಿಗೆ, ಇನ್ನೊಂದು ತಮಗೆ. ತಂಗಿಯ ಮಂಚವನ್ನು ಮನೆಯ ಇನ್ನೊಂದು ತುದಿಗೆ ತಾವೇ ಹೊತ್ತು ತಂದು ಹಾಕಿ, ಪರದೆ ಕಟ್ಟಿ, ತಮ್ಮ ಮಂಚವನ್ನು ಕೊಟ್ಟಿಗೆಗೆ ಸಾಗಿಸಿದರು. ಊರಿನ ಯಜಮಾನ ದನದ ಜೊತೆ ಮಲಗತೊಡಗಿದ ಮೇಲೆ ಆಡಿಕೊಳ್ಳುವವರ ಬಾಯಿ ತಾನಾಗಿ ಮುಚ್ಚಿತು.

ಮಾಘದಲ್ಲಿ ಸೊಸೆ ಹೆಣ್ಣುಮಗು ಹೆತ್ತಳು. ತಾಯಿಗೆ ಒಂದು ದಿನವೂ ಮೈ ಬೆಚ್ಚಗಾಗಲಿಲ್ಲ. ಅಷ್ಟರಲ್ಲಿ ಟೀಚರೂ ಚೇತರಿಸಿಕೊಂಡಿದ್ದರು. ನಾನು ನೋಡಲು ಹೋದ ದಿನ ಅವರು ಮಗುವನ್ನು ಎತ್ತಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಅದನ್ನು ಅತ್ತಿಗೆಯ ಕೈಗೆ ಕೊಟ್ಟು ಹಿತ್ತಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಅತ್ತಿಗೆ ಮೆಲ್ಲಗೆ ನನಗೆ ಹೇಳಿದರು, ತಂಗಿ ಸತ್ತಾಗಲೂ ಅವರು ಅತ್ತಿರಲಿಲ್ಲವಂತೆ. ನಾನು ಹೊರಡುವ ಮೊದಲು ಹೇಳಿ ಹೋಗೋಣವೆಂದು ಹಿತ್ತಲಿಗೆ ಹೋದಾಗ ಅವರು ಮುಖ ತೊಳೆದುಕೊಂಡು, ಕಣ್ಣು ಕೆಂಪಗಿದ್ದರೂ, ಕಲ್ಲುಬಾನಿಯ ನೀರು ಚೆಲ್ಲಿ ತಿಕ್ಕುತ್ತಿದ್ದರು. ಅಂದು ಶನಿವಾರ.

ಜ್ವರ ಆ ಸೀಮೆ ಬಿಟ್ಟು ಓಡಿತು ಎಂದು ಬರೆದರೆ ಸುಳ್ಳಾಗುತ್ತದೆ. ಹತ್ತಾರು ಮನೆಯವರು ದನಗಳನ್ನು ಹೊರಗೆ ಕಟ್ಟಿದರು. ಎಷ್ಟೋ ಮನೆಯವರು ಕಟ್ಟಲಿಲ್ಲ. ಚಿರತೆಯ ಭಯ ಸುಳ್ಳಲ್ಲ, ಬೇರೆ ಕೊಟ್ಟಿಗೆಗೆ ಜಾಗವಿಲ್ಲದವರೂ ಇದ್ದರು. ಅಂಥ ಮನೆಗಳಲ್ಲಿ ಬಸುರಿಯರನ್ನಾದರೂ ಚಳಿಗಾಲಕ್ಕೆ ಬೇರೆ ಕಡೆ ಮಲಗಿಸಿ ಎಂದು ಅವರು ಬಾಗಿಲು ಬಾಗಿಲಿಗೆ ಹೋದರು. ಸೊಳ್ಳೆ ಸಾಯಲೆಂದು ಗೋಡೆಗೆ ಮದ್ದು ಹೊಡೆಯುವವರು ಬಂದು ಹೋದ ಮರುದಿನವೇ ಹೆಂಗಸರು ಅದರ ಮೇಲೆ ಸಗಣಿ ಸಾರಿಸಿಬಿಡುತ್ತಿದ್ದರು. ವಾಸನೆ ತಡೆಯಲಾರರು. ಟೀಚರು ಅವರ ಜೊತೆ ಜಗಳವಾಡದೆ, ನೆಲ ಸಾರಿಸಿ, ಗೋಡೆ ಬಿಡಿ ಎಂದು ಒಪ್ಪಿಸಿದರು.

ಅವರ ದೊಡ್ಡ ಕೆಲಸ ನಡೆಯುತ್ತಿದ್ದುದು ಚಳಿಗಾಲದಲ್ಲೇ. ಯಾರಿಗೂ ಸೊಳ್ಳೆಯ ನೆನಪಿಲ್ಲದ ಹೊತ್ತಿಗೆ ಇವರು ಕಲ್ಲು ತೆಗೆದ ಗುಂಡಿ, ಪಾಳುಬಾವಿ, ಸೋರುವ ತೊಟ್ಟಿ ಎಂದು ಓಡಾಡುತ್ತಿದ್ದರು. ಈಗ ಯಾಕೆ ಟೀಚರೇ, ಮಳೆ ಬರಲಿ ಎಂದರೆ, "ಈಗ ಅವು ನಿದಾನ. ಬಯಲಲ್ಲಿ ಒಂದು ಮರಿ ಸೊಳ್ಳೆಯಾಗೋ ಒತ್ಗೆ ನಾವು ಗುಂಡೀನೇ ಮುಚ್ಬೌದು. ಬೇಸ್ಗೇಲಿ ಅವುಗಳ ಜತೇಲಿ ಓಡಕಾದ್ದಾ?" ಎನ್ನುವರು. ಹತ್ತಿರದ ಊರು ತಿಗನಾರೆಯಲ್ಲಿ ಕೂಲಿ ಹೆಂಗಸರು ಕೆಲಸ ಮುಗಿಸಿ ಬಂದು ಅವರ ಜೊತೆ ಮಂಕರಿಯಲ್ಲಿ ಮಣ್ಣು ಹೊತ್ತು ಗುಂಡಿಗಳನ್ನು ಮುಚ್ಚಿದ್ದನ್ನು ನಾನು ನೋಡಿದ್ದೇನೆ. ಅವರಲ್ಲಿ ಮಕ್ಕಳನ್ನು ಕಳೆದುಕೊಂಡವರಿದ್ದರು. ಅವರಿಗೆ ಹೆಚ್ಚು ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಂಬತ್ತರ ದಶಕ ಶುರುವಾಗಿ ಒಂದೆರಡು ವರ್ಷಕ್ಕೆ ಅವರಿಗೆ ಘಟ್ಟದ ಕೆಳಗೆ, ಸತ್ಯಮಂಗಲದ ಕಡೆಯ ಶಾಲೆಗೆ ವರ್ಗವಾಯಿತು. ತಡೆಹಿಡಿಸಲು ಅಣ್ಣ ಓಡಾಡುತ್ತೇನೆಂದರು, ಇವರೇ ಬೇಡವೆಂದರು. ಹೊರಡುವ ದಿನ ನಾವು ಮೂರ್ನಾಲ್ಕು ಮಂದಿ ಬಸ್ಸಿಗೆ ಹತ್ತಿಸಲು ಹೋಗಿದ್ದೆವು. ಟ್ರಂಕು ಮೇಲೆ ಹಾಕಿಸಿದ್ದಾಯಿತು. ಇಷ್ಟು ವರ್ಷ ಬೆಟ್ಟದ ತಂಪಿನಲ್ಲಿದ್ದವರು ಕೆಳಗಿನ ಬಿಸಿಲು ಹೇಗೆ ತಡೆಯುತ್ತೀರಿ ಎಂದು ನಾನು ಕೇಳಿದೆ. ಇನ್ನಾದರೂ ಸ್ವಲ್ಪ ಸುಧಾರಿಸಿಕೊಳ್ಳಿ ಎಂದೂ ಹೇಳಿದೆ.

"ಕೆಳಗೆ ಚಳಿ ಅನ್ನೋದೇ ಇಲ್ಲ ಸಾ, ವರ್ಸೆಲ್ಲ ಮರಿ ಆಯ್ತವೆ" ಎಂದರು. "ಇಲ್ಲಾರ ಚಳೀಲಿ ನಮ್ಗೆ ಪುರ್ಸೊತ್ತು ಸಿಕ್ತಿತ್ತು. ಅಲ್ಲಿ ಓದ್ ದಿವ್ಸದಿಂದ್ಲೇ ಸುರು ಮಾಡ್ಬೇಕು."

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತರು. ಚೀಟಿ ಹರಿಯಲು ಬಂದ ಕಂಡಕ್ಟರು ಹೊಸ ಶಾಲೆಯ ಊರಿನವನೇ ಎಂದು ಗೊತ್ತಾಗುತ್ತಲೇ ಕನ್ನಡಕವನ್ನು ಹಣೆಗೇರಿಸಿ ತಮಿಳಿನಲ್ಲಿ ಅವನನ್ನು ವಿಚಾರಿಸತೊಡಗಿದರು. ನಾವು ಕೈ ಬೀಸಿದ್ದು ಅವರಿಗೆ ಕಾಣಲಿಲ್ಲ. ನಿಮ್ಮೂರಲ್ಲಿ ನೀರು ಎಲ್ಲೆಲ್ಲಿ ನಿಲ್ಲುತ್ತದೆ ಎಂದು ಅವರು ಕೇಳುತ್ತಿದ್ದರು.